ಸೂಜಿಯಕ್ಕನ ಮೆರವಣಿಗೆ

ಸೂಜಿಯಕ್ಕನ ಬಲ ಭುಜ ಮುಷ್ಕರ ಹೂಡಿದ್ದು ಒಂದು ಸೋಫಾದ ನಟ್ಟನಡುವೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಬಂದಿದ್ದ ಹಳೇ ಸೋಫಾ ಅದು. ಎಷ್ಟೋ ಜನ ಅದರ ಮೇಲೆ ಹೆದರಿಕೊಂಡು ಕೂತು, ತಮ್ಮ ಸರದಿ ಬರುವವರೆಗೆ ಅಂಚನ್ನೆಲ್ಲ ಉಗುರಿನಿಂದ ಕೆರೆದು ಹಾಕಿದ್ದರು. ಹೊಸ ಬಟ್ಟೆ ಎಳೆದು ಹಿಡಿದು, ಮೊಳೆ ಹೊಡೆಯಲೆಂದು ಸುತ್ತಿಗೆ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಉಜ್ಜಿದಳು, ಬೈದಳು, ಬಿಸಿನೀರಿನ ಶಾಖ ಕೊಟ್ಟಳು. ಕೈ ಜಪ್ಪಯ್ಯ ಅನ್ನಲಿಲ್ಲ.

ಸೋಫಾ, ಕುರ್ಚಿ, ಬಸ್ಸಿನ ಸೀಟು, ಹೀಗೆ ಮನುಷ್ಯರು ಕೂರುವಂಥದ್ದು ಏನಿದ್ದರೂ ಅದಕ್ಕೆ ಹೊಸ ಮೈ ಕೊಡುವುದು ಅವಳ ಕಸುಬು. ಗಿರಣಿ ಬಸ್‌ಸ್ಟಾಪಿನ ಹಿಂದಿನ ಅಡ್ಡರಸ್ತೆಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಬೇಕರಿಯ ಹಿಂಗೋಡೆಗೂ ನಡುವೆ ಒಂದು ತಗಡಿನ ಶೆಡ್ಡು. ಒಳಗೆ ಸ್ಪಂಜಿನ ಹಾಳೆಗಳು, ತೆಂಗಿನ ನಾರು, ಬಾಯಲ್ಲಿ ಕಚ್ಚಿಕೊಳ್ಳುವ ಮೊಳೆಗಳ ಡಬ್ಬಿ, ಬಿಲ್ಲಿನ ಹಾಗೆ ಬಾಗಿದ ಉದ್ದನೆಯ ಸೂಜಿಗಳು. ಆ ಸೂಜಿಗಳಿಂದಲೇ ಅವಳಿಗೆ ಆ ಹೆಸರು ಬಂದಿದ್ದು. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಅದನ್ನು ತಿದ್ದುವ ಗೋಜಿಗೆ ಅವಳೂ ಹೋಗಿರಲಿಲ್ಲ.

ಹಿಂದೆ ಅವಳಿಗೊಬ್ಬ ಗಂಡನಿದ್ದ. ಅವನಿಗೆ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಏಟು, ಕಡಿಮೆಯಾದರೂ ಏಟು, ಸರಿಯಾಗಿದ್ದರೆ ಬೇರೆ ಏನಾದರೂ ನೆಪ ಸಿಗುತ್ತಿತ್ತು. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಆಗಷ್ಟೇ ಶಾಲೆಗೆ ಸೇರಿದ್ದ ಮಗಳ ಕೈ ಹಿಡಿದು ಹೊರಬಿದ್ದು, ಸಿಕ್ಕ ರೈಲು ಹತ್ತಿದಳು. ಈ ಊರಿನಲ್ಲಿ ಇಳಿದಳು. ಒಬ್ಬ ಮುದುಕನ ಕುರ್ಚಿ ಅಂಗಡಿಯಲ್ಲಿ ಕಸ ಗುಡಿಸುತ್ತ, ನಾರು ಬಿಡಿಸುತ್ತ, ನೋಡಿ ನೋಡಿ ಕೆಲಸ ಕಲಿತಳು. ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಮಗಳಿಗೀಗ ಔಷಧಿ ಅಂಗಡಿಯಲ್ಲಿ ಕೆಲಸ. ತಾಯಿಯ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ವಾಸ.

ಅಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುವುದನ್ನು ನೋಡಿದ ಆ ಮಗಳು ಅವಳನ್ನು ಆಸ್ಪತ್ರೆಯ ವ್ಯಾಯಾಮ ಚಿಕಿತ್ಸೆಯ ವಿಭಾಗಕ್ಕೆ ಕರೆದುಕೊಂಡು ಹೋದಳು. ಭುಜ ಗಟ್ಟಿಯಾಗಿಬಿಟ್ಟಿದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುವುದುಂಟು, ತಿಂಗಳುಗಟ್ಟಲೆ ಬಂದು ಹೋಗಬೇಕು ಎಂದು ಅಲ್ಲಿ ಹೇಳಿದರು. ಸಕ್ಕರೆ ಕಾಯಿಲೆ ಇರುವುದೇ ಸೂಜಿಯಕ್ಕನಿಗೆ ಅಂದು ಗೊತ್ತಾಗಿದ್ದು. ಒಂದು ರೋಗ ತೋರಿಸಲು ಹೋದರೆ ಇನ್ನೊಂದು ಉಚಿತವಾಗಿ ಕೊಟ್ಟರಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದಳು.

ಆ ವಿಭಾಗವೆಂದರೆ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಕನ್ನಡಿ, ಇನ್ನೊಂದು ಗೋಡೆಗೆ ಬೆರಳುಗಳಿಂದ ಹತ್ತುವ ಮರದ ಪುಟ್ಟ ಮೆಟ್ಟಿಲು, ನಡುವೆ ಹಿಡಿದು ನಡೆಯಲು ಎರಡು ಕಂಬಿಗಳು, ಮೂಲೆಯಲ್ಲಿ ರಾಟೆಗೆ ಹಾಕಿದ ಹಗ್ಗ. ಅಲ್ಲಿನ ಚಿಕಿತ್ಸಕಿ ಚೂಟಿಯಾದ ಹೆಣ್ಣುಮಗಳು. ನೋವಾಗುತ್ತದೆ ಎಂದರೆ ನಗುತ್ತ 'ಇನ್ನೊಂದ್ಸಲ' ಎನ್ನುವಳು. ಸಾಕು ಎಂದರೂ ಅದೇ ಉತ್ತರ. ಸೂಜಿಯಕ್ಕ ಮನಸ್ಸಿನಲ್ಲೇ ಅವಳಿಗೆ 'ಇನ್ನೊಂದ್ಸಲ' ಎಂದು ಹೆಸರಿಟ್ಟಳು.

ಎರಡನೇ ವಾರದಲ್ಲಿ, ಅವಳು ಹಗ್ಗದ ಎರಡು ತುದಿ ಹಿಡಿದು, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಮೇಲಕ್ಕೆಳೆಯುತ್ತ ಹಲ್ಲು ಕಚ್ಚಿಕೊಂಡಿದ್ದಾಗ, ಒಬ್ಬ ಎತ್ತರದ ಮನುಷ್ಯರು ಕೋಲೂರಿಕೊಂಡು ಹತ್ತಿರ ಬಂದು ನಿಂತರು. ವಯಸ್ಸು ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಬಲಗೈ ಯಾರದೋ ವಸ್ತುವಿನ ಹಾಗೆ ಪಕ್ಕದಲ್ಲಿ ತೂಗುತ್ತಿತ್ತು. ಅವರು ಹಗ್ಗವನ್ನೂ ಅವಳನ್ನೂ ನೋಡಿ, ಬಹಳ ಮರ್ಯಾದೆಯಿಂದ, ತಡೆದು ತಡೆದು ಕೇಳಿದರು.

"ನಿಮ್ಮ... ಹಸು... ಮುಗೀತಾ?"

ಅವರ ಹಿಂದೆಯೇ ಬಂದಿದ್ದ ಬಿಳಿಗೂದಲ ಹೆಂಗಸು ತಕ್ಷಣ, "ಹಸು ಅಲ್ಲ, ಹಗ್ಗ. ಹಗ್ಗ ಅನ್ನು" ಎಂದು ತಿದ್ದಿದರು. ಆ ಮನುಷ್ಯರ ಮುಖ ದೀಪ ಆರಿದ ಹಾಗಾಯಿತು. ಸೂಜಿಯಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ.

"ಇಲ್ಲ, ಇನ್ನೂ ಹಾಲು ಕರೀತಾ ಇದೀನಿ" ಎಂದಳು. "ಒದೆಯೋ ಹಸು ಇದು. ಕೂತಿರಿ, ಆಮೇಲೆ ಕೊಡ್ತೀನಿ."

ಆಮೇಲೆ ಆ ಮನುಷ್ಯರ ಎದೆಯೊಳಗಿಂದ ಎಂಥದೋ ಗುಡುಗುಡು ಸದ್ದು ಹೊರಟು, ಕೋಣೆ ತುಂಬುವ ನಗುವಾಯಿತು. ಕಂಬಿ ಹಿಡಿದು ನಡೆಯುತ್ತಿದ್ದವರು ನಿಂತು ನೋಡಿದರು. ಬಿಳಿಗೂದಲ ಹೆಂಗಸು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಪಾರ್ಶ್ವವಾಯು ಹೊಡೆದ ಮೇಲೆ ತಮ್ಮ ನಕ್ಕಿದ್ದು ಇದೇ ಮೊದಲು ಎಂದು ಅವರು ಆಮೇಲೆ ಹೇಳಿದರು.

ಅವರು ಆ ಮನುಷ್ಯರ ದೊಡ್ಡಕ್ಕ. ಪ್ರಾಥಮಿಕ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಸಿಕ್ಕಿದ್ದನ್ನೆಲ್ಲ ತಿದ್ದುವ ಚಾಳಿ ಬಿಟ್ಟಿರಲಿಲ್ಲ. ತಮ್ಮನ ಹೆಂಡತಿ ಬಹುಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೆಂಡತಿಯ ಮಲಮೂತ್ರ ಬಾಚಿ, ಬಾಯಿಗೆ ತುತ್ತಿಟ್ಟು ನೋಡಿಕೊಂಡಿದ್ದ ಆ ಮನುಷ್ಯ, ಎಲ್ಲ ಮುಗಿಯಿತು ಎಂದು ಉಸಿರು ಬಿಡುವ ಹೊತ್ತಿಗೆ ತಾನೇ ಬಿದ್ದಿದ್ದ. ಕಾಲು ಅರ್ಧ ವಾಪಸು ಬಂದಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಮಾತು ಮಾತ್ರ ಕಪಾಟಿನೊಳಗೆ ಕಲಸಿ ಹೋದ ಬಟ್ಟೆಯ ಹಾಗಾಗಿತ್ತು. ಅಂಗಿ ಬೇಕೆಂದು ಕೈ ಹಾಕಿದರೆ ಕಾಲುಚೀಲ ಬರುತ್ತಿತ್ತು.

ಅಂದಿನಿಂದ ಇಬ್ಬರ ಸರದಿಯೂ ಒಂದೇ ಹೊತ್ತಿಗೆ ಬೀಳತೊಡಗಿತು. ಅದಕ್ಕೆ ಕಾರಣ 'ಇನ್ನೊಂದ್ಸಲ'ಳ ಕೈವಾಡ ಎಂದು ಮಗಳು ಈಗಲೂ ಹೇಳುತ್ತಾಳೆ. ಆ ಮನುಷ್ಯರು ಕಿಟಕಿಗೆ ಕಡಲೆ ಎನ್ನುವರು, ಚಪ್ಪಲಿಗೆ ಚಪಾತಿ ಎನ್ನುವರು. ಸೂಜಿಯಕ್ಕ ತಿದ್ದುತ್ತಿರಲಿಲ್ಲ. ಕಡಲೆ ತೆಗೀಬೇಕಾ, ಸೆಕೆ ಆಗ್ತಿದೆಯಾ ಎಂದು ಕೇಳಿ ಕಿಟಕಿ ತೆಗೆಯುವಳು. ತಪ್ಪು ಮಾತಿಗೂ ಕೆಲಸ ಆಗುತ್ತದೆ ಎಂದು ಗೊತ್ತಾದ ಮೇಲೆ ಅವರು ಹೆಚ್ಚು ಮಾತಾಡತೊಡಗಿದರು. ಹೆಚ್ಚು ಮಾತಾಡಿದಂತೆ ಸರಿ ಮಾತುಗಳೂ ನಡುನಡುವೆ ತಲೆಹಾಕತೊಡಗಿದವು.

ಅವರು ಯಾರೆಂದು ತಿಳಿದದ್ದು ಮಳೆ ಬಂದು ಎಲ್ಲರೂ ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ ದಿನ. ತನ್ನ ಹಾಗೆ ತಮ್ಮ ಕೂಡ ಮಾತಿನಿಂದಲೇ ಬದುಕಿದವನು ಎಂದು ದೊಡ್ಡಕ್ಕ ನಿಟ್ಟುಸಿರು ಬಿಟ್ಟರು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಬರುಹೋಗನ್ನು ಹೇಳುವ ಕೆಲಸ. ಅಲ್ಲಿನ ಸಿಬ್ಬಂದಿ ಅವರನ್ನು ಮೈಕ್ ಮೇಷ್ಟ್ರು ಎನ್ನುತ್ತಿದ್ದರಂತೆ. ಊರಿಗೆಲ್ಲ ಆ ದನಿ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕೇಳಿ ಸೂಜಿಯಕ್ಕ, ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು. ಮನೆ ಬಿಟ್ಟು ಬಂದ ದಿನ ಅವಳು ಹತ್ತಿದ್ದ ರೈಲು ಈ ಊರಿನಲ್ಲಿ ಕೆಟ್ಟು ನಿಂತಿತ್ತು. ಮಗಳು ಹಸಿವಿನಿಂದ ಅಳುತ್ತಿದ್ದಳು. ಮುಂದೆಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ತಿರುಗಿ ಹೋಗಿಬಿಡೋಣ, ಎರಡು ಏಟು ತಿಂದರೆ ಮುಗಿಯಿತು ಎಂದು ಮನಸ್ಸು ಹೇಳುತ್ತಿತ್ತು. ಆಗ ಮೇಲಿನಿಂದ ಒಂದು ದನಿ ಬಂತು. ನಿಮಗಾದ ತೊಂದರೆಗೆ ಕ್ಷಮೆ ಕೇಳುತ್ತೇವೆ ಎಂದಿತು.

"ನನಗಾದ ತೊಂದರೆಗೆ ಅಲ್ಲಿವರೆಗೆ ಯಾರೂ ಕ್ಷಮೆ ಕೇಳಿರಲಿಲ್ಲ" ಎಂದಳು ಸೂಜಿಯಕ್ಕ. "ನನಗೇ ಹೇಳಿದ ಹಾಗಾಯ್ತು. ಇದ್ಯಾವ ಊರೋ ಆಗಲಿ, ಇಲ್ಲೇ ಇಳಿಯೋಣ ಅಂತ ಇಳಿದುಬಿಟ್ಟೆ."

ಮೇಷ್ಟ್ರ ತುಟಿ ಅಲುಗಿತು. ಏನೋ ಹುಡುಕುತ್ತಿದ್ದಾರೆ ಎಂದುಕೊಂಡು ಅವಳು ಕಾದಳು. ಅವರ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು. ಮರುಗಳಿಗೆ, ಒಂದು ಅಕ್ಷರವೂ ತಡವರಿಸದೆ, ಆ ಹಳೆಯ ದನಿ ಮಳೆಯ ಸದ್ದನ್ನು ಮೀರಿ ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ಗಾಡಿ ತಡವಾಗಿ ಹೊರಡಲಿದೆ. ನಿಮಗಾದ ತೊಂದರೆಗೆ ಕ್ಷಮೆ ಕೇಳುತ್ತೇವೆ."

ದೊಡ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಸೂಜಿಯಕ್ಕನಿಗೆ ಕಣ್ಣು ತುಂಬಿ, ಎದುರಿಗಿದ್ದ ಬಸ್ಸೂ ಮರವೂ ಒಂದಾದವು. ಮೇಷ್ಟ್ರಿಗೆ ಮಾತ್ರ ಖುಷಿಯೋ ಖುಷಿ. ಬಿಟ್ಟೂ ಬಿಡದೆ ನಾಲ್ಕಾರು ರೈಲುಗಳನ್ನು ಹೊರಡಿಸಿದರು.

ನೂರಾರು ಸಾರಿ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ಹೀಗೆ ಉಳಿದುಕೊಳ್ಳುವುದುಂಟು ಎಂದು ಚಿಕಿತ್ಸಕಿ ವಿವರಿಸಿದಳು. ಸೂಜಿಯಕ್ಕನ ತಲೆ ಅಲ್ಲಿಂದ ಮುಂದಕ್ಕೆ ಓಡಿತು. ಮುಂದಿನ ಸಲ ಅವರು ಟೀಗಾಗಿ ತಡಕಾಡುತ್ತಿದ್ದಾಗ, ಮೈಕಿನಲ್ಲಿ ಹೇಳಿ ಎಂದಳು. "ಪ್ರಯಾಣಿಕರ ಗಮನಕ್ಕೆ, ನನಗೆ ಟೀ ಬೇಕು" ಎಂಬುದು ಸಲೀಸಾಗಿ ಬಂದಿತು. ಓಡಿ ಬಂದು ಹಳ್ಳ ಹಾರುವವರ ಹಾಗೆ, ಆ ಎರಡು ಪದಗಳ ಓಟ ಸಿಕ್ಕರೆ ಅವರು ಎಷ್ಟೋ ಮಾತುಗಳನ್ನು ದಾಟಿಬಿಡುತ್ತಿದ್ದರು. ಬೇಕರಿಯವನು ಒಂದು ಬ್ರೆಡ್ಡಿಗಾಗಿ ಇಡೀ ಪ್ರಯಾಣಿಕರ ಗಮನ ಸೆಳೆಯುವ ಗಿರಾಕಿಯನ್ನು ನೋಡಿ ಮೊದಲು ಬೆರಗಾದ, ಆಮೇಲೆ ಅಭ್ಯಾಸ ಮಾಡಿಕೊಂಡ.

ನಡೆಯುವ ವ್ಯಾಯಾಮ ಎಂಬ ನೆಪದಲ್ಲಿ ಮೇಷ್ಟ್ರು ದೊಡ್ಡಕ್ಕನ ಜೊತೆ ಶೆಡ್ಡಿಗೆ ಬರತೊಡಗಿದರು. ಸೂಜಿಯಕ್ಕ ಬಟ್ಟೆ ಎಳೆದರೆ ಇವರು ಎಡಗೈಯಿಂದ ಒತ್ತಿ ಹಿಡಿಯುವರು. ಅವಳ ಭುಜ ಏಳದ ಕಡೆ ಅವರ ಉದ್ದನೆಯ ಕೈ ಹೋಗುತ್ತಿತ್ತು, ಅವರ ಬೆರಳು ಮಡಚದ ಕಡೆ ಅವಳ ಬೆರಳು. ಹಲ್ಲಿನ ಡಾಕ್ಟರ ಸೋಫಾ ಕೊನೆಗೂ ಮುಗಿದದ್ದು ಹೀಗೆ. ಅಷ್ಟು ವರ್ಷ ಒಬ್ಬಳೇ ಕೆಲಸ ಮಾಡಿದವಳಿಗೆ, ಪಕ್ಕದಲ್ಲಿ ಒಬ್ಬರು ಸುಮ್ಮನೆ ಉಸಿರಾಡುತ್ತಿದ್ದರೆ ಹೊಲಿಗೆ ಇಷ್ಟು ನೇರ ಬರುತ್ತದೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಕನ್ನಡಿ ನೋಡುವುದು ತುಸು ಹೆಚ್ಚಾಯಿತು. ಮಗಳು ಗಮನಿಸಿದಳು, ಕೇಳಲಿಲ್ಲ, ತನ್ನ ಅಂಗಡಿಯಿಂದ ಒಂದು ಒಳ್ಳೆಯ ಮುಖದ ಕ್ರೀಮು ತಂದಿಟ್ಟಳು.

ಎಡವಟ್ಟು ಮಾಡಿದ್ದು ದೊಡ್ಡಕ್ಕ. ಒಂದು ಮಧ್ಯಾಹ್ನ ಅವರು ಒಬ್ಬರೇ ಶೆಡ್ಡಿಗೆ ಬಂದು, ಹೊಸದಾಗಿ ಸ್ಪಂಜು ತುಂಬಿದ ಕುರ್ಚಿಯಲ್ಲಿ ಕೂತು, ಪಾಠ ಮಾಡುವ ಹಾಗೆ ಮಾತು ಶುರು ಮಾಡಿದರು. ತಮಗೂ ವಯಸ್ಸಾಯಿತು, ತಮ್ಮನನ್ನು ನೋಡಿಕೊಳ್ಳಲು ನಂಬಿಕಸ್ತರು ಬೇಕು. ಅವನಿಗೆ ಮನೆಯಿದೆ, ಪೆನ್ಷನ್ ಇದೆ. ಸೂಜಿಯಕ್ಕನಿಗೆ ಒಂದು ನೆಲೆಯಾಗುತ್ತದೆ. ಹೊತ್ತುಹೊತ್ತಿಗೆ ಮಾತ್ರೆ, ಊಟ, ಸ್ನಾನ ನೋಡಿಕೊಂಡರೆ ಸಾಕು. ಜನರ ಬಾಯಿ ಮುಚ್ಚಿಸಲು ಬೇಕಿದ್ದರೆ ಮದುವೆಯನ್ನೂ ಮಾಡಿಬಿಡೋಣ.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಸೂಜಿಯಕ್ಕನಿಗೆ ಮಾತ್ರ ಯಾರೋ ಮೈಮೇಲೆ ತಣ್ಣೀರು ಸುರಿದ ಹಾಗಾಯಿತು. ನಾನು ಏನೆಂದುಕೊಂಡಿದ್ದೆ, ಇವರು ಏನೆಂದುಕೊಂಡಿದ್ದಾರೆ. ನನಗೆ ನೆಲೆ ಇದೆ, ಈ ಶೆಡ್ಡೇ ನನ್ನ ನೆಲೆ, ಚಾಕರಿ ಮಾಡುವವರು ಬೇಕಿದ್ದರೆ ಬೇರೆ ಕಡೆ ಹುಡುಕಿ ಎಂದು ಮೆಲ್ಲಗೆ ಹೇಳಿ, ಅವರು ಹೋದ ಮೇಲೆ ಆ ಕುರ್ಚಿಯ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು. ಭುಜ ಮತ್ತೆ ಬಿಗಿಯತೊಡಗಿತು. ಮಗಳು ಕೇಳಿದ್ದಕ್ಕೆ, ಕೈ ಎತ್ತಿ ನಾನು ಯಾರಿಗೆ ಟಾಟಾ ಮಾಡಬೇಕಾಗಿದೆ ಎಂದು ಸಿಡುಕಿದಳು.

ಕೆಲವು ದಿನ ಕಳೆದ ಮೇಲೆ, ಬೇಕರಿಯಿಂದ ಸಂಜೆಯ ಬ್ರೆಡ್ಡಿನ ವಾಸನೆ ಬರುವ ಹೊತ್ತಿಗೆ, ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಮೇಷ್ಟ್ರು ಒಬ್ಬರೇ ನಿಂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ದೊಡ್ಡಕ್ಕನಿಗೆ ಹೇಳದೆ, ಬಿದ್ದ ಮೇಲೆ ಮೊದಲ ಬಾರಿಗೆ ಒಬ್ಬರೇ ಬಸ್ಸು ಹತ್ತಿದ್ದರು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ಗಿರಣಿ ಎನ್ನಲು ಹೋಗಿ ಗಿಣಿ ಎಂದಿದ್ದರು. ಅವನು ಪಾಪ, ಯೋಚನೆ ಮಾಡಿ, ಮೃಗಾಲಯದ ಮುಂದೆ ಇಳಿಸಿದ್ದ. ಅಲ್ಲಿಂದ ಕೇಳಿಕೊಂಡು, ತಪ್ಪು ಕೇಳಿಕೊಂಡು, ನಡೆದು ಬಂದಿದ್ದರು.

ಸೂಜಿಯಕ್ಕ ನೀರು ಕೊಟ್ಟಳು, ಕೂರಿಸಿದಳು. ಮೈಕಿನಲ್ಲಿ ಹೇಳಿ, ಸುಲಭ ಆಗುತ್ತೆ ಎಂದಳು. ಅವರು ತಲೆಯಾಡಿಸಿ ಬೇಡ ಎಂದರು. ಓಟವಿಲ್ಲದೆ, ನಿಂತ ನೆಲದಿಂದಲೇ ಹಾರಬೇಕೆಂದು ತೀರ್ಮಾನಿಸಿಕೊಂಡು ಬಂದಿದ್ದರು.

"ಅಕ್ಕ ಹೇಳಿದ್ದು... ನಂದಲ್ಲ" ಎಂದರು. "ನರ್ಸ್... ಬೇಡ ನನಗೆ."

"ಮತ್ತೆ ಯಾರು ಬೇಕು?"

ಬಹಳ ಹೊತ್ತು ಹಿಡಿಯಿತು. ಹಣೆಯ ನರ ಉಬ್ಬಿತು. ಅವಳು ಮಾತು ತುಂಬಿಕೊಡಲಿಲ್ಲ, ಕಾದಳು.

"ಎಲ್ಲರೂ ನಿಮಗೆ... ಅಕ್ಕ ಅಂತಾರೆ. ನಾನು ಅನ್ನಲ್ಲ. ನನಗೆ ಅಕ್ಕ... ಇದಾಳೆ. ಒಬ್ಬಳು ಸಾಕು."

ಸೂಜಿಯಕ್ಕನಿಗೆ ನಗು ಉಕ್ಕಿ ಬಂತು, ಜೊತೆಗೆ ಭಯವೂ. ಕೈಯಲ್ಲಿದ್ದ ಬಾಗಿದ ಸೂಜಿಯನ್ನು ಪಕ್ಕಕ್ಕಿಟ್ಟಳು. ನಾನೊಂದು ಸಲ ಮದುವೆಯಾಗಿ ನೋಡಿದ್ದೇನೆ, ಅದರ ಗುರುತು ಇನ್ನೂ ಬೆನ್ನ ಮೇಲಿದೆ ಎಂದು ಹೇಳಿದಳು. ಕೈ ಎತ್ತುವ ಮನುಷ್ಯನ ಜೊತೆ ಇನ್ನು ಒಂದು ದಿನವೂ ಬಾಳಲಾರೆ ಎಂದಳು.

ಮೇಷ್ಟ್ರು ತಮ್ಮ ಬಲಗೈಯನ್ನೇ ಗಂಭೀರವಾಗಿ ನೋಡಿದರು. "ಇದು ಏಳಲ್ಲ" ಎಂದರು.

"ಎಡಗೈ ಇದೆಯಲ್ಲ?"

"ಅದಕ್ಕೆ ಪುರುಸೊತ್ತಿಲ್ಲ. ಯಾವಾಗಲೂ... ಬಾಲ ಹಿಡ್ಕೊಂಡಿರತ್ತೆ" ಎಂದು ಕೋಲು ತೋರಿಸಿದರು.

"ನಂದೂ ಏಳಲ್ಲ ಬಿಡಿ" ಎಂದು ಸೂಜಿಯಕ್ಕ ತನ್ನ ಭುಜ ತೋರಿಸಿದಳು. ಇಬ್ಬರೂ ನಗತೊಡಗಿದರು. ಸೈಕಲ್ ಅಂಗಡಿಯವನು ಬಂದು ಇಣುಕಿ ನೋಡಿ, ಏನೂ ಅರ್ಥವಾಗದೆ ತಾನೂ ನಕ್ಕು ಹೋದ. ನಗು ನಿಂತ ಮೇಲೆ ಮೇಷ್ಟ್ರು ಇನ್ನೊಮ್ಮೆ ಉಸಿರೆಳೆದುಕೊಂಡರು.

"ನನ್ನ... ಮೆರವಣಿಗೆ ಆಗ್ತೀರಾ?"

ತಪ್ಪು ಪದ ಬಂದಿತೆಂದು ಅವರಿಗೇ ತಿಳಿಯಿತು. ಕಣ್ಣು ಮುಚ್ಚಿ ಸರಿಯಾದದ್ದನ್ನು ಹುಡುಕತೊಡಗಿದರು. ಅವಳು ಅವರ ಬಲಗೈ ಹಿಡಿದುಕೊಂಡಳು.

"ಅಷ್ಟೆಲ್ಲ ಬೇಡ" ಎಂದಳು. "ಮದುವೆ ಆದ್ರೆ ಸಾಕು. ಆದರೆ ಶೆಡ್ಡು ಬಿಡಲ್ಲ ನಾನು. ನಿಮ್ಮ ಲೋಟ ನೀವೇ ತೊಳೀಬೇಕು."

ಮಗಳಿಗೆ ಹೇಳುವುದು ಅವಳಿಗೆ ಇದಕ್ಕಿಂತ ಕಷ್ಟವಾಯಿತು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ, ಪಾತ್ರೆ ಸದ್ದು ಮಾಡುತ್ತ ಹೇಳಿದಳು. ಜನ ಏನೆನ್ನುತ್ತಾರೆ ಎಂದು ಕೇಳುತ್ತಾಳೆಂದು ಸೂಜಿಯಕ್ಕ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಔಷಧಿ ಅಂಗಡಿಯವಳಾದ ಮಗಳು ಕೇಳಿದ್ದೇ ಬೇರೆ: ಅವರಿಗೆ ಇನ್ನೊಂದು ಸಲ ಪಾರ್ಶ್ವವಾಯು ಹೊಡೆದರೆ ಏನು ಮಾಡುತ್ತೀ?

"ಆದ್ರೆ ಆಗತ್ತೆ" ಎಂದಳು ತಾಯಿ. "ಆಗೋವರೆಗೆ ನಗ್ತಾ ಇರ್ತೀನಿ. ಇಷ್ಟು ದಿನ ನಗದೇ ಇದ್ದಿದ್ದಕ್ಕೆ ನನಗೇನು ಆಯಸ್ಸು ಹೆಚ್ಚು ಕೊಟ್ಟರಾ?"

ಮಗಳು ಬಂದು ಹಿಂದಿನಿಂದ ತಬ್ಬಿಕೊಂಡಳು. ಹಾಗೆ ತಬ್ಬಿಕೊಂಡೇ, ಕ್ರೀಮು ಮುಗಿದಿದ್ದರೆ ಹೇಳು, ಇನ್ನೊಂದು ತರುತ್ತೇನೆ ಎಂದಳು.

ದೊಡ್ಡಕ್ಕ ಶೆಡ್ಡಿಗೆ ಬಂದು, ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ, ತಾನು ಹೇಳಿದ್ದು ತಪ್ಪು ಎಂದರು. ಆಯುಷ್ಯವಿಡೀ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವರಿಗೆ ಅದು ಸುಲಭದ ಮಾತಾಗಿರಲಿಲ್ಲ. ಸೂಜಿಯಕ್ಕ ಅವರಿಗೊಂದು ಮೆತ್ತನೆಯ ಕುರ್ಚಿ ಎಳೆದು ಕೊಟ್ಟಳು.

ನೋಂದಣಿ ಕಚೇರಿಯಲ್ಲಿ ಒಂದು ಫಜೀತಿಯಾಯಿತು. ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಅಧಿಕಾರಿ ಕೇಳಿದರು. ಮೇಷ್ಟ್ರು ಗಟ್ಟಿಯಾಗಿ, ಸಂತೋಷದಿಂದ, "ಇಲ್ಲ" ಎಂದರು. ಅಧಿಕಾರಿ ಪೆನ್ನು ಕೆಳಗಿಟ್ಟರು. ದೊಡ್ಡಕ್ಕ ಹೌದು ಅನ್ನೋ ಎಂದು ಗದರಿದರು. ಒತ್ತಾಯದ ಒಪ್ಪಿಗೆ ನಡೆಯುವುದಿಲ್ಲ ಎಂದು ಅಧಿಕಾರಿ ಇನ್ನಷ್ಟು ಗಂಭೀರರಾದರು. ಮೇಷ್ಟ್ರಿಗೆ ನಡೆದದ್ದು ಅರ್ಥವಾಗಿ ಬೆವರಿಳಿಯಿತು, ಎಷ್ಟು ಹುಡುಕಿದರೂ ಆ ಪುಟ್ಟ ಪದ ಸಿಗಲಿಲ್ಲ. ಕೊನೆಗೆ ಕೋಲನ್ನು ಮಗಳ ಕೈಗೆ ಕೊಟ್ಟು, ಎಡಗೈಯಿಂದ ಸೂಜಿಯಕ್ಕನ ಕೆನ್ನೆ ಹಿಡಿದು, ಎಲ್ಲರ ಎದುರಿಗೆ ಅವಳ ಹಣೆಗೆ ಮುತ್ತಿಟ್ಟರು. ಸರದಿಯಲ್ಲಿ ಕಾಯುತ್ತಿದ್ದ ಎಳೆಯ ಜೋಡಿಗಳು ಚಪ್ಪಾಳೆ ತಟ್ಟಿದವು. ಅಧಿಕಾರಿ ಕೆಮ್ಮಿ, ಇಷ್ಟು ಸಾಕು ಎಂದು ಪೆನ್ನು ಎತ್ತಿಕೊಂಡರು.

ಅಲ್ಲಿಂದ ಮುಂದಿನದು ಸಂಸಾರ. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದಕ್ಕೆ ದಿನಾ ಜಗಳ. ಮೇಷ್ಟ್ರಿಗೆ ಸಿಟ್ಟು ಬಂದಾಗ ಬೈಗುಳ ಮಾತ್ರ ಒಂದೂ ತಪ್ಪದೆ ಬರುತ್ತದೆ ಎಂದು ಅವಳು ಕಂಡುಕೊಂಡಳು; ಅದನ್ನು ಚಿಕಿತ್ಸಕಿಗೆ ಹೆಮ್ಮೆಯಿಂದ ವರದಿ ಮಾಡಿದಳು. ಅವರು ತಮ್ಮ ಲೋಟ ತಾವೇ ತೊಳೆದರು, ತೊಳೆಯುವಾಗ ಕೆಲವನ್ನು ಒಡೆದರು. ಅವಳ ಕೈ ಕಿವಿಯವರೆಗೆ ಏರಿತು, ಅಲ್ಲಿಂದ ಮೇಲಕ್ಕೆ ಹೋಗುವ ಮನಸ್ಸು ಮಾಡಲಿಲ್ಲ.

ಎರಡನೇ ವರ್ಷದಲ್ಲಿ ಆಸ್ಪತ್ರೆ ಸೇರಿದ್ದು ಸೂಜಿಯಕ್ಕನೇ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕೆಂದರು. ಮೇಷ್ಟ್ರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಅವಳಿಗೆ ಕಲ್ಲಿಗಿಂತ ಹೆಚ್ಚು ಚುಚ್ಚಿತು. ಮೇಷ್ಟ್ರು ಆ ಪ್ರಶ್ನೆಗೆ ಕಿವಿಗೊಡದೆ, ಒಂದು ಚೀಲದಲ್ಲಿ ಹಲ್ಲುಜ್ಜುವ ಬ್ರಷ್ಷು, ಟವೆಲ್ಲು, ಬಾಚಣಿಗೆ ತುಂಬಿಕೊಂಡು ಅವಳ ಹಿಂದೆಯೇ ಬಂದು ವಾರ್ಡಿನ ಕುರ್ಚಿಯಲ್ಲಿ ಕೂತರು. ಹೋಗಿ ಎಂದರೆ ಹೋಗಲಿಲ್ಲ. ಹೆಂಡತಿಯ ಹಾಸಿಗೆಯ ಪಕ್ಕ ಕೂರುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ದಿಂಬು ಯಾವ ಹೊತ್ತಿಗೆ ತಿರುವಬೇಕು, ಒಣಗಿದ ತುಟಿಗೆ ಒದ್ದೆ ಹತ್ತಿ ಹೇಗೆ ಮುಟ್ಟಿಸಬೇಕು, ನೋವಿದ್ದಾಗ ಎಷ್ಟು ಮಾತಾಡಬಾರದು ಎಲ್ಲ ಅವರ ಕೈಗೆ ಗೊತ್ತಿತ್ತು. ಸೂಜಿಯಕ್ಕನಿಗೆ ನೆನಪಿರುವಂತೆ, ಬುದ್ಧಿ ಬಂದ ಮೇಲೆ ಅವಳ ತುಟಿಗೆ ಯಾರೂ ನೀರು ಮುಟ್ಟಿಸಿರಲಿಲ್ಲ. ಸುಮ್ಮನೆ ಮಲಗಿ, ಮಾಡಿಸಿಕೊಂಡಳು.

ಮೂರನೇ ಬೆಳಿಗ್ಗೆ ಕೂದಲು ಗಂಟುಗಂಟಾಗಿ ತಲೆ ಕಡಿಯುತ್ತಿತ್ತು. ಮೇಷ್ಟ್ರು ಬಾಚಣಿಗೆ ತೆಗೆದರು. ಅವಳನ್ನು ಮೆಲ್ಲಗೆ ಒರಗಿಸಿ ಕೂರಿಸಿ, ಎಡಗೈಯಿಂದ ಸಿಕ್ಕು ಬಿಡಿಸಿ, ಒಂದು ಎಳೆಯನ್ನು ಬಲಗೈಯ ಸೊಟ್ಟ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಜಡೆ ಹೆಣೆಯಲು ಕೂತರು. ಇಡೀ ವಾರ್ಡು ನೋಡುತ್ತಿತ್ತು. ಪಕ್ಕದ ಹಾಸಿಗೆಯ ಅಜ್ಜಿ ಹೇಗೆ ಹೆಣೆಯಬೇಕೆಂದು ಸಲಹೆ ಕೊಡುತ್ತಿದ್ದಳು. ಮಾತ್ರೆ ಕೊಡಲು ಬಂದ ನರ್ಸು ಸಹ ತಟ್ಟೆ ಹಿಡಿದು ಕಾದಳು. ಮುಗಿಯುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಜಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಕಿವಿಯ ಹಿಂದಿನಿಂದ ಹೊರಟು ಎಲ್ಲಿಗೋ ಹೋಗುವ ಕಾಲುದಾರಿಯ ಹಾಗಿತ್ತು.

ಮಧ್ಯಾಹ್ನ ಮಗಳು ಬಂದು ನೋಡಿ ನಕ್ಕಳು. ಇರು, ಬಿಚ್ಚಿ ಸರಿಯಾಗಿ ಹಾಕುತ್ತೇನೆ ಎಂದು ಬಾಚಣಿಗೆಗೆ ಕೈ ಹಾಕಿದಳು. ಸೂಜಿಯಕ್ಕ ತಟ್ಟನೆ ಜಡೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಮುಟ್ಟಬೇಡ" ಎಂದಳು. "ಚೆನ್ನಾಗಿದೆ."